ಎಡದ ಕಲಿನಾ, ಬಲದ ಜಾಗೊಡಾ

ಹಿಟ್ಟು ಯಾಕೋ ಇವತ್ತು ಮಣೆಗೆ ಅಂಟುತ್ತಿತ್ತು. ಬೊಗ್ನಾ ಇನ್ನೊಂದು ಹಿಡಿ ಒಣಹಿಟ್ಟು ಉದುರಿಸಿ, ಲಟ್ಟಣಿಗೆಗೂ ಒಂದಿಷ್ಟು ಸವರಿ, ಮತ್ತೆ ಲಟ್ಟಿಸತೊಡಗಿದಳು. ಜೂನ್ ತಿಂಗಳ ಶನಿವಾರ. ಕಿಟಕಿ ತೆರೆದಿತ್ತು. ಕೆಳಗಿನ ಅಂಗಳದಲ್ಲಿ ಯಾರೋ ಕಂಬಿಯ ಮೇಲೆ ಜಮಖಾನ ಹಾಕಿಕೊಂಡು ಧಪಧಪನೆ ಬಡಿಯುತ್ತಿದ್ದರು. ಪೋಲೆಂಡಿನ ಲೂಬ್ಲಿನ್ ಊರಿನ ಅಷ್ಟೂ ಅಡುಗೆಮನೆಗಳಲ್ಲಿ ಆ ಹೊತ್ತಿಗೆ ಸ್ಟ್ರಾಬೆರಿಯದೇ ಪರಿಮಳ ಇದ್ದಿರಬೇಕು. ಆ ಹಣ್ಣು ಬರುವುದೇ ಸ್ವಲ್ಪ ದಿನ, ಅಷ್ಟರಲ್ಲಿ ತಿಂದವರು ತಿಂದರು, ಬಿಟ್ಟವರು ಬಿಟ್ಟರು.

ಬೊಗ್ನಾ ಲಟ್ಟಿಸಿದ ಹಾಳೆಯ ಮೇಲೆ ಗಾಜಿನ ಲೋಟವನ್ನು ಬೋರಲು ಒತ್ತಿ ಬಿಲ್ಲೆ ಬಿಲ್ಲೆ ಕತ್ತರಿಸಿ ಕೊಡಬೇಕು. ಮೇಜಿನ ಆ ಬದಿಗೆ ಕೂತ ಅವಳಿ ಹೆಣ್ಣುಮಕ್ಕಳು, ಎಂಟು ವರ್ಷದ ಜಾಗೊಡಾ ಮತ್ತು ಕಲಿನಾ, ಅದರೊಳಗೆ ಹಣ್ಣಿಟ್ಟು, ಮಡಿಚಿ, ಅಂಚನ್ನು ಜಡೆಯ ಹಾಗೆ ಹೆಣೆದು ಮುಚ್ಚಬೇಕು. ಪಿಯೆರೋಗಿ ಅಂದರೆ ಇಷ್ಟೇ: ಕರ್ಜಿಕಾಯಿಯ ಮೈಕಟ್ಟು, ಕುದಿಯುವ ನೀರಿನಲ್ಲಿ ಬೇಯುವ ಹಣೆಬರಹ.

"ಅಮ್ಮಾ! ಇವಳು ನನ್ ಥರಾನೇ ಮಾಡ್ತಿದಾಳೆ!" ಜಾಗೊಡಾ ಕಿರುಚಿದಳು. "ಬೇಡ ಅಂತ ಹೇಳು!"

ಲಟ್ಟಣಿಗೆ ನಿಂತಿತು.

ಬೊಗ್ನಾ ತಟ್ಟೆಯ ಕಡೆ ನೋಡಿದಳು. ಪ್ರತಿ ಶನಿವಾರ ಆ ತಟ್ಟೆಯಲ್ಲಿ ಎರಡು ಸಾಲು ಇರುತ್ತದೆ. ಜಾಗೊಡಾಳ ಪಿಯೆರೋಗಿಗಳ ಹೆಣಿಗೆ ಒಂದು ಕಡೆ ವಾಲಿದರೆ ಕಲಿನಾಳದು ಇನ್ನೊಂದು ಕಡೆ. ಕಲಿನಾ ಎಡಗೈಯವಳು. ಬಿಲ್ಲೆಯನ್ನು ಬಲ ಅಂಗೈಯಲ್ಲಿ ಮಲಗಿಸಿಕೊಂಡು, ಎಡಗೈ ಬೆರಳಿನಿಂದ ಅಂಚನ್ನು ಚಿವುಟಿ ಚಿವುಟಿ ಮಡಿಸುತ್ತ ಹೋಗುವವಳು. ಹಾಗಾಗಿ ಎರಡು ಸಾಲು ಎದುರುಬದುರಾದಾಗ, ಮುದುಕಿಯರ ದಂಡೊಂದು ಬೇಲಿಯ ಆಚೆ ಈಚೆ ನಿಂತು ಬಾಗಿ ಬಾಗಿ ಚಾಡಿ ಹೇಳುತ್ತಿರುವ ಹಾಗೆ ಕಾಣುತ್ತದೆ ಎಂದು ಮಕ್ಕಳ ಅಪ್ಪ ಲೆಶೆಕ್ ನಗುವುದುಂಟು. ಇವತ್ತು ಎಲ್ಲ ಮುದುಕಿಯರೂ ಒಂದೇ ಕಡೆಗೆ ವಾಲಿದ್ದರು. ಅವರಲ್ಲಿ ಅರ್ಧ ಜನರ ಹೊಟ್ಟೆ ಒಡೆದು ಕೆಂಪು ರಸ ಸುರಿಯುತ್ತಿತ್ತು.

ಕಲಿನಾ ಬಲಗೈಯಲ್ಲಿ ಹೆಣೆಯುತ್ತಿದ್ದಳು.

"ಕೈ ಬದಲಾಯಿಸಿದ್ದೀಯಲ್ಲ ಚಿನ್ನ?"

"ಹೂಂ."

"ಯಾಕೆ?"

"ಸುಮ್ನೆ."

"ಒಡೀತಿವೆ ನೋಡು. ನೀರಿಗೆ ಹಾಕಿದ್ರೆ ಪಾತ್ರೆ ತುಂಬ ಸ್ಟ್ರಾಬೆರಿ ಸಾರು."

"ಅಭ್ಯಾಸ ಆಗುತ್ತೆ," ಎಂದಳು ಕಲಿನಾ, ತಲೆಯೆತ್ತದೆ.

"ಬರೆಯೋದೂ ಬಲಗೈಯಲ್ಲೇ ಅಮ್ಮ ಈಗ," ಜಾಗೊಡಾ ಚಾಡಿಯನ್ನು ಪೂರ್ತಿ ಮಾಡಿಯೇ ಬಿಟ್ಟಳು. "ಕಾಗೆ ಕಾಲು ಗುಬ್ಬಿ ಕಾಲು! ಟೀಚರ್ ಕೇಳಿದ್ರು, ಕೈಗೇನಾಯ್ತು ಪುಟ್ಟಿ ಅಂತ. ಉಳುಕಿದೆ ಅಂದ್ಲು. ಉಳುಕೇ ಇಲ್ಲ! ಬಿಡುವಿನಲ್ಲಿ ಕಂಬಿ ಹಿಡ್ಕೊಂಡು ಜೋತಾಡ್ತಿದ್ಲು."

"ನೀನು ನಿನ್ ಕೆಲಸ ನೋಡ್ಕೋ," ಕಲಿನಾ ಗೊಣಗಿದಳು.

ಬೊಗ್ನಾ ಒಡೆದವುಗಳನ್ನು ಒಂದೊಂದಾಗಿ ಎತ್ತಿ, ಅಂಚಿಗೆ ನೀರು ಮುಟ್ಟಿಸಿ, ತೇಪೆ ಹಾಕಿ ಇಟ್ಟಳು. ಇದು ಎಲ್ಲಿಂದ ಶುರುವಾಯಿತು ಎಂದು ಅವಳಿಗೆ ಗೊತ್ತಿತ್ತು.

ಎರಡು ವಾರದ ಹಿಂದೆ ಲೆಶೆಕ್‌ನ ಹೆಸರಿನ ಹಬ್ಬ, ಕ್ಯಾಲೆಂಡರಿನಲ್ಲಿ ಅವನ ಹೆಸರು ಬರುವ ದಿನ. ಹುಟ್ಟಿದ ದಿನ ಮರೆತರೂ ಅಲ್ಲಿ ಹೆಸರಿನ ದಿನ ಯಾರೂ ಮರೆಯುವುದಿಲ್ಲ. ಕರೆಯದಿದ್ದರೂ ನೆಂಟರು ಹೂವು ಹಿಡಿದು ಬಂದು ಕೂರುತ್ತಾರೆ. ಬೊಗ್ನಾಳ ಅಣ್ಣ ಗುಸ್ತೆಕ್ ಬಂದಿದ್ದ, ಬಾಯಿ ತುಂಬ ಬಜಾರಿನ ಸುದ್ದಿ ಹೊತ್ತು. ಯಾರದೋ ಅಂಗಡಿಗೆ ಅಧಿಕಾರಿಗಳು ನುಗ್ಗಿ, ದೊಡ್ಡ ಕಂಪನಿಯ ಹೆಸರು ಹೊಡೆದ ಬೂಟುಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿಕೊಂಡು ಹೋದರಂತೆ.

"ಒಂದೂ ಬಿಡ್ಲಿಲ್ಲ ಭಾವ. ಎಲ್ಲಾ ಲೆವಾ ಮಾಲು!"

ಲೆವಾ ಎಂದರೆ ಪೋಲಿಷ್ ಮಾತಿನಲ್ಲಿ ಎಡ. ನಕಲಿ ಎನ್ನುವುದಕ್ಕೂ ಅದೇ ಮಾತು. ಲೆವಾ ಬೂಟು, ಲೆವಾ ಚೀಟಿ, ಲೆವಾ ಸಹಿ. ನಮ್ಮಲ್ಲಿ ಎಡವಟ್ಟಿನೊಳಗೆ ಎಡ ಹೋಗಿ ಕೂತಿಲ್ಲವೇ, ಹಾಗೆ. ಯಾರೂ ಯೋಚಿಸಿ ಆಡುವ ಮಾತಲ್ಲ.

ಅದೇ ಹೊತ್ತಿಗೆ ಕಲಿನಾ ಎಡಗೈಯಲ್ಲಿ ಚಮಚ ಹಿಡಿದು ಕೇಕಿನ ಮೇಲಿನ ಕೆನೆಗೆ ದಾಳಿ ಇಟ್ಟಿದ್ದಳು. ಗುಸ್ತೆಕ್‌ಗೆ ಬಾಯಿ ತಡೆಯಲಿಲ್ಲ. "ನೋಡ್ರಪ್ಪಾ, ಈ ಮನೇಲೂ ಒಂದು ಲೆವಾ ಮಾಲಿದೆ! ಜಾಗೊಡಾ ಅಸಲಿ, ಇವಳು ಲೆವಾ. ಲೆಶೆಕ್, ಬಾಗಿಲು ಭದ್ರ ಮಾಡ್ಕೊಳಯ್ಯಾ, ಗೋಣಿಚೀಲದವರು ಬಂದು ಎತ್ಕೊಂಡ್ಹೋದಾರು!"

ಕೂತವರೆಲ್ಲ ಬಿದ್ದು ಬಿದ್ದು ನಕ್ಕರು. ಕಲಿನಾ ಕೂಡ ನಕ್ಕಳು. ಆಮೇಲೆ ಚಮಚವನ್ನು ಮೆಲ್ಲಗೆ ಬಲಗೈಗೆ ದಾಟಿಸಿದಳು. ಅದನ್ನು ನೋಡಿದವಳು ಬೊಗ್ನಾ ಒಬ್ಬಳೇ.

ಅಂದು ಮಲಗಿಸುವಾಗ ಅವಳು ಮಗಳ ಕಿವಿಯಲ್ಲಿ, "ಮಾಮ ತಮಾಷೆ ಮಾಡಿದ್ದು ಕಣೇ ಮರಿ," ಎಂದಿದ್ದಳು. "ಗೊತ್ತು," ಎಂದಿದ್ದಳು ಕಲಿನಾ. ಗೊತ್ತು ಎಂದ ಮೇಲೂ ಎಡಗೈ ಮಾತ್ರ ಹೆಚ್ಚಿನ ಹೊತ್ತು ಜೇಬಿನಿಂದ ಹೊರಗೆ ಬರುತ್ತಿರಲಿಲ್ಲ. ಈ ಎರಡು ವಾರದಲ್ಲಿ ಕಲಿನಾ ಒಂದೂ ಚಿತ್ರ ಬರೆದಿರಲಿಲ್ಲ. ಬಣ್ಣದ ಪೆನ್ಸಿಲುಗಳ ಮೊನೆಗಳು ಚೂಪಾಗಿಯೇ ಉಳಿದಿದ್ದವು. ಎಷ್ಟೋ ಸಲ ಅವಳು ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, "ಅಮ್ಮಾ..." ಎಂದು ರಾಗ ಎಳೆದು, ಬೊಗ್ನಾ ತಿರುಗಿ ನೋಡಿದ ಕೂಡಲೇ "ಏನಿಲ್ಲ" ಎಂದು ಓಡಿಹೋಗುತ್ತಿದ್ದಳು. ಒಳಗೆ ಒಂದು ಪ್ರಶ್ನೆ ಸಿಕ್ಕಿಕೊಂಡಿದೆ. ಅದು ಹೊರಗೆ ಬಂದರೆ ಮಗಳ ಕೈಯೂ ಹೊರಗೆ ಬರುತ್ತದೆ. ಆದರೆ ಇಕ್ಕಳ ಹಾಕಿ ಎಳೆದರೆ ಬರುವಂಥದಲ್ಲ, ಕಾಯಬೇಕು. ಕಾಯುವುದೊಂದನ್ನು ಬೊಗ್ನಾ ಚೆನ್ನಾಗಿ ಕಲಿತಿದ್ದಳು. ಅವಳಿಗಳನ್ನು ಸಾಕಿದವರಿಗೆ ಅದು ಹೇಗೂ ಬಂದುಬಿಡುತ್ತದೆ, ಯಾವಾಗಲೂ ಒಬ್ಬಳ ಬೂಟಿನ ದಾರ ಕಟ್ಟಿ ಮುಗಿಯುವಷ್ಟರಲ್ಲಿ ಇನ್ನೊಬ್ಬಳದು ಬಿಚ್ಚಿರುತ್ತದೆ.

ತೊಂದರೆ ಏನೆಂದರೆ, ಇವತ್ತು ಮಧ್ಯಾಹ್ನವೇ ವಿಶ್ವವಿದ್ಯಾಲಯಕ್ಕೆ ಹೋಗಬೇಕಿತ್ತು. ಹೆಸರಿನ ಹಬ್ಬಕ್ಕೂ ಮುಂಚೆ ಒಪ್ಪಿಕೊಂಡಾಗಿತ್ತು. ಅವಳಿ ಮಕ್ಕಳಲ್ಲಿ ಒಬ್ಬರು ಎಡಗೈ, ಇನ್ನೊಬ್ಬರು ಬಲಗೈ ಇದ್ದರೆ ಅವರ ಮಾತು ಮಿದುಳಿನ ಯಾವ ಬದಿಯಿಂದ ಹೊರಡುತ್ತದೆ ಎಂದು ನೋಡುವವರು ಅಲ್ಲಿದ್ದರು. ಜಾಗೊಡಾ ಕುಣಿದಾಡಿದ್ದಳು. ತಲೆಯೊಳಗಿನ ಗೆರೆಯನ್ನು ಕಾಗದದ ಮೇಲೆ ಬರೆದು ಕೊಡುತ್ತಾರಂತೆ, ಶಾಲೆಗೆ ಒಯ್ದು ಎಲ್ಲರಿಗೂ ತೋರಿಸಬಹುದು. ಆದರೆ ಜೋಡಿಯಾಗಿಯೇ ಬರಬೇಕು. ಒಬ್ಬಳೇ ಬಂದರೆ ಕೆಲಸಕ್ಕಿಲ್ಲ.

"ನಾನು ಬರಲ್ಲ," ಎಂದಳು ಕಲಿನಾ, ನಿನ್ನೆಯಿಂದ ನಾಲ್ಕನೆಯ ಸಲ.

"ನೀನ್ ಬರದಿದ್ರೆ ನನ್ನೂ ಸೇರಿಸಲ್ಲ!" ಜಾಗೊಡಾಳ ಕಣ್ಣಲ್ಲಿ ಆಗಲೇ ನೀರು. "ನಂದೂ ಹಾಳ್ಮಾಡ್ತೀಯ. ಕಿಟಕಿ ಪಕ್ಕದ ಸೀಟು ಕೊಡ್ತೀನಿ. ವರ್ಷ ಪೂರ್ತಿ. ನನ್ ಸೈಕಲ್ ಗಂಟೇನೂ ಕೊಡ್ತೀನಿ."

"ನಿನ್ ಗಂಟೆ ತುಕ್ಕು ಹಿಡಿದಿದೆ."

ಲೆಶೆಕ್ ಅಷ್ಟರಲ್ಲಿ ಕೈಯೊರೆಸುತ್ತ ಒಳಗೆ ಬಂದ. ಅವನು ಊರಿನ ಕಟ್ಟಡಗಳಿಗೆ ವಿದ್ಯುತ್ ತಂತಿ ಎಳೆಯುವವನು, ಶನಿವಾರ ಮಾತ್ರ ಮನೆಯಲ್ಲಿ. "ಏನಂತೆ ಜಗಳ? ಮಿದುಳಿನದಾ? ಬಿಡ್ರೇ ಅತ್ಲಾಗೆ. ಸ್ವಿಚ್ ಎಡಕ್ಕಿದ್ರೇನು, ಬಲಕ್ಕಿದ್ರೇನು, ಬಲ್ಬ್ ಹತ್ತಿದ್ರೆ ಸಾಕು." ಒಂದು ಹಸಿ ಸ್ಟ್ರಾಬೆರಿ ಬಾಯಿಗೆಸೆದುಕೊಂಡ. "ಬೊಗ್ನಾ, ಮಗು ಬೇಡ ಅಂದ್ರೆ ಬಲವಂತ ಯಾಕೆ?"

"ಬಲವಂತ ಇಲ್ಲ," ಎಂದಳು ಬೊಗ್ನಾ. ಕೈಯ ಹಿಟ್ಟನ್ನು ಏಪ್ರನ್ನಿಗೆ ಒರೆಸಿಕೊಂಡು ಫೋನು ಎತ್ತಿಕೊಂಡಳು. "ಬರಲ್ಲ ಅಂತ ಹೇಳಿಬಿಡ್ತೀನಿ. ಅವರೇನೂ ಬೈಯಲ್ಲ."

ಜಾಗೊಡಾ ಗಟ್ಟಿಯಾಗಿ ಅಳಲಿಲ್ಲ. ಅದೇ ಕಷ್ಟ. ಮೇಜಿನ ಮೇಲೆ ಕೆನ್ನೆಯಿಟ್ಟು, ಮೂಗಿನ ತುದಿಗೆ ಹಿಟ್ಟು ಮೆತ್ತಿಕೊಂಡು, ಸದ್ದಿಲ್ಲದೆ ಸುರಿಸಿದಳು. ಕಲಿನಾ ಅಕ್ಕನನ್ನೇ ನೋಡುತ್ತಿದ್ದಳು. ಹನ್ನೆರಡು ನಿಮಿಷಕ್ಕೆ ಮೊದಲು ಹುಟ್ಟಿದವಳಾದ್ದರಿಂದ ಜಾಗೊಡಾ ಆ ಮನೆಯಲ್ಲಿ ಅಕ್ಕ.

"ಅಲ್ಲಿ ನೋಡಿದ್ ಮೇಲೆ ಏನ್ ಮಾಡ್ತಾರೆ?" ಕಲಿನಾ ಕೇಳಿದಳು.

"ಏನೂ ಇಲ್ಲ. ಥ್ಯಾಂಕ್ಸ್ ಹೇಳಿ ಕಳಿಸ್ತಾರೆ. ಆಮೇಲೆ ನಾವು ಐಸ್‌ಕ್ರೀಂ ತಿಂತೀವಿ."

"ಇಬ್ರಿಗೂ?"

"ಮತ್ತೆ! ಒಬ್ಬಳಿಗೆ ತಿನ್ನಿಸಿ ಇನ್ನೊಬ್ಬಳನ್ನ ನೋಡ್ತಾ ನಿಲ್ಸೋಕಾಗುತ್ತಾ?"

ಕಲಿನಾ ಬಿಲ್ಲೆಯ ಅಂಚನ್ನು ತಿರುಗಿಸಿ ತಿರುಗಿಸಿ ನೋಡಿದಳು. "ವಾಪಸ್ ಬರೋವಾಗ ಮೂರು ಟಿಕೆಟ್ ತಗೋತೀಯಾ?"

ಲೆಶೆಕ್ ನಕ್ಕುಬಿಟ್ಟ. ಬೊಗ್ನಾ ನಗಲಿಲ್ಲ. ಅವಳಿಗೆ ಅರ್ಥವಾಯಿತು, ಪೂರ್ತಿ ಆಗಲಿಲ್ಲ. ಎಲ್ಲೋ ಎದೆಯ ಕೆಳಗೆ ಒಂದು ಗೋಣಿಚೀಲ ಬಾಯ್ತೆರೆದ ಹಾಗಾಯಿತು. ಆದರೂ ದನಿ ಏರಿಸದೆ, "ಹೋಗೋಕೆ ಮೂರು, ಬರೋಕೆ ಮೂರು. ಈಗಲೇ ಒಟ್ಟಿಗೆ ತಗೊಂಡು ನಿನ್ ಕೈಯಲ್ಲೇ ಕೊಡ್ತೀನಿ, ನೀನೇ ಇಟ್ಕೋ," ಎಂದಳು.

"ಸರಿ," ಎಂದಳು ಕಲಿನಾ.

ಬೊಗ್ನಾ ಏಪ್ರನ್ ಬಿಚ್ಚಿ ಲೆಶೆಕ್‌ನ ಕೊರಳಿಗೆ ತೂಗುಹಾಕಿದಳು. "ಮೇಲೆ ತೇಲಿ ಬಂದ್ ಮೇಲೂ ಒಂದೆರಡು ನಿಮಿಷ ಬೇಯಿಸು. ಒಡೆದಿರೋವನ್ನ ಮೊದಲು ಹಾಕಬೇಡ."

"ನನ್ನೇ ಯಾರಾದ್ರೂ ಪ್ರಯೋಗಾಲಯಕ್ಕೆ ಕರ್ಕೊಂಡ್ಹೋಗಬಾರದಾ," ಎಂದು ಅವನು ಪಾತ್ರೆಯ ಮುಂದೆ ನಿಂತ.

ಟ್ರಾಲಿಬಸ್ಸಿನಲ್ಲಿ ಕಲಿನಾ ಕಿಟಕಿ ಪಕ್ಕ ಕೂತಳು. ಬಲಗೈಯ ಮುಷ್ಟಿಯೊಳಗೆ ವಾಪಸು ಬರುವ ಮೂರು ಟಿಕೆಟ್ಟು ಬೆವರಿನಲ್ಲಿ ಮೆತ್ತಗಾಗುತ್ತಿದ್ದವು.

ಪ್ರಯೋಗಾಲಯ ಎಂದರೆ ಬಿಳಿ ಕೋಟು, ಸೂಜಿ ಎಂದುಕೊಂಡಿದ್ದರೆ ಹಾಗೇನೂ ಇರಲಿಲ್ಲ. ಹಳದಿ ಗೋಡೆಯ ಸಣ್ಣ ಕೋಣೆ, ಒಂದು ಕಂಪ್ಯೂಟರ್, ಬತ್ತಿದ ಹೂಕುಂಡ. ಅಲ್ಲಿದ್ದ ಹುಡುಗಿಯ ಹೆಸರು ಎವೆಲಿನಾ, ಅಲ್ಲಿಯ ರೂಢಿಯಲ್ಲಿ ಪಾನಿ ಎವೆಲಿನಾ, ಎಂದರೆ ಎವೆಲಿನಾ ಮೇಡಂ. ಮೂವತ್ತು ದಾಟಿರಲಿಲ್ಲ, ಅಂಗಿಯ ಮೇಲೆ ಕಾಫಿಯ ಕಲೆ. ಮಕ್ಕಳನ್ನು ಎದುರುಬದುರು ನಿಲ್ಲಿಸಿ ಕಣ್ಣರಳಿಸಿದಳು.

"ಅಯ್ಯೋ, ಕನ್ನಡಿ ಬೇಡವೇ ಬೇಡ ನಿಮಗೆ! ನಿನಗೆ ಈ ಕೆನ್ನೆಯಲ್ಲಿ ಗುಳಿ, ನಿನಗೆ ಆ ಕೆನ್ನೆಯಲ್ಲಿ. ನೆತ್ತಿ ಸುಳಿ ತೋರಿಸಿ ನೋಡೋಣ. ಹಾಂ! ಒಬ್ಬಳದು ಹೀಗೆ ಸುತ್ತಿದೆ, ಒಬ್ಬಳದು ಹಾಗೆ."

"ಹಲ್ಲೂ ಹಾಗೇ ಬಿದ್ದಿದ್ದು!" ಜಾಗೊಡಾ ಬಾಯಿ ಹಿಗ್ಗಿಸಿ ತೋರಿಸಿದಳು. "ನಂದು ಈ ಕಡೆ, ಅವಳದು ಆ ಕಡೆ. ಪಾನಿ ಎವೆಲಿನಾ, ಅದ್ಯಾಕೆ ಹಂಗೆ?"

"ನಿಜ ಹೇಳ್ಲಾ? ಯಾರಿಗೂ ಸರಿಯಾಗಿ ಗೊತ್ತಿಲ್ಲ. ಅದಕ್ಕೇ ನಿಮ್ಮನ್ನ ಕರೆಸಿದ್ದು. ಅಮ್ಮನ ಹೊಟ್ಟೇಲಿ ಮೊದಲು ಇದ್ದಿದ್ದು ಒಂದೇ ಒಂದು ಪುಟಾಣಿ ಮೊಟ್ಟೆ. ಅದು ಎರಡಾಯ್ತು."

"ಕೋಳಿ ಮೊಟ್ಟೆನಾ?"

"ಜಾಗೊಡಾ!" ಎಂದಳು ಬೊಗ್ನಾ.

"ಕೋಳೀದಲ್ಲ, ಅಮ್ಮಂದೇ," ಎವೆಲಿನಾ ನಕ್ಕಳು. "ಗಸಗಸೆ ಕಾಳಿಗಿಂತ ಸಣ್ಣದು. ಒಂದಿದ್ದದ್ದು ಎರಡಾಗಿ, ಎರಡೂ ಬೆಳೆದು ನೀವಿಬ್ರು ಆದ್ರಿ. ನಿಮ್ಮಂಥ ಜೋಡಿಗಳಲ್ಲಿ ಸುಮಾರು ಐದರಲ್ಲಿ ಒಂದಕ್ಕೆ ಕೈ ಬೇರೆ ಬೇರೆ. ಒಬ್ಬರು ಎಡ, ಒಬ್ಬರು ಬಲ."

ಕಲಿನಾ ಬಾಯಿ ತೆರೆದಳು. ಬೊಗ್ನಾ ಕಾದಳು. ಕಲಿನಾ ಬಾಯಿ ಮುಚ್ಚಿದಳು.

ಮೊದಲು ಕೈಯ ಆಟ. ಕತ್ತರಿ ಹಿಡಿ, ತಲೆ ಬಾಚು, ಚೆಂಡು ಎಸಿ. ಜಾಗೊಡಾ ಎಲ್ಲವನ್ನೂ ಬಲಗೈಯಲ್ಲಿ ಚಕಚಕನೆ ಮುಗಿಸಿದಳು. ಕಲಿನಾ ಕೂಡ ಬಲಗೈಯನ್ನೇ ಚಾಚಿದಳು. ಕತ್ತರಿ ಕಾಗದವನ್ನು ಅಗಿಯಿತು. ಬಾಚಣಿಗೆ ಕಿವಿಗೆ ಹೋಯಿತು. ಎಸೆದ ಚೆಂಡು ಎವೆಲಿನಾಳನ್ನು ಬಿಟ್ಟು ಹೂಕುಂಡಕ್ಕೆ ಬಡಿಯಿತು.

"ನಿನ್ನ ಹೆಸರಿನ ಮುಂದೆ ಎಡಗೈ ಅಂತ ಬರ್ಕೊಂಡಿದ್ದೆನಲ್ಲ," ಎವೆಲಿನಾ ತಲೆ ಕೆರೆದುಕೊಂಡಳು.

"ಬಲಗೈ," ಎಂದಳು ಕಲಿನಾ, ಗೋಡೆ ನೋಡುತ್ತ.

ಜಾಗೊಡಾ ಏನೋ ಹೇಳಲು ಹೊರಟಳು. ಬೊಗ್ನಾ ಅವಳ ಭುಜ ಮುಟ್ಟಿ ಸುಮ್ಮನಾಗಿಸಿದಳು. ಎವೆಲಿನಾ ಅಮ್ಮನ ಮುಖ ನೋಡಿದಳು, ಮಗಳ ಮುಖ ನೋಡಿದಳು. "ಸರಿ ಹಾಗಾದ್ರೆ," ಎಂದು ಚೆಂಡನ್ನು ಎತ್ತಿಕೊಂಡು ಬಾಗಿಲ ಕಡೆ ತಿರುಗಿದವಳು, ನಡುವೆ ಇದ್ದಕ್ಕಿದ್ದಂತೆ, "ಹಿಡಿ!" ಎಂದು ಎಸೆದಳು.

ಎಡಗೈ ಜೇಬಿನಿಂದ ಹಾರಿ ಬಂದು ಚೆಂಡನ್ನು ಗಾಳಿಯಲ್ಲೇ ಕಚ್ಚಿ ಹಿಡಿಯಿತು.

ಕಲಿನಾ ತನ್ನ ಕೈಯನ್ನೇ ನೋಡಿದಳು, ಅದು ಇವಳನ್ನು ಕೇಳದೆ ಎಲ್ಲೋ ಹೋಗಿ ಸಿಕ್ಕಿಬಿದ್ದು ಬಂದ ಹಾಗೆ. ಜಾಗೊಡಾ ಕಿಸಕ್ಕೆಂದಳು. ಎವೆಲಿನಾ ಮಾತ್ರ ನಗದೆ, "ಎಷ್ಟು ಚೆನ್ನಾಗಿ ಹಿಡಿದೆ!" ಎಂದು ತನ್ನ ಪಾಡಿಗೆ ತಾನು ಪಟ್ಟಿಯೊಂದನ್ನು ಬಿಡಿಸತೊಡಗಿದಳು. ಅದು ತಲೆಗೆ ಕಟ್ಟುವ ಪಟ್ಟಿ. ಎರಡೂ ಕಣತಲೆಗೆ ತಾಗುವ ಹಾಗೆ ಅದರಲ್ಲಿ ಒಂದೊಂದು ಗುಂಡಿ. ಪರದೆಯ ಮೇಲೆ ಒಂದು ಅಕ್ಷರ ಬರುತ್ತದೆ. ಆ ಅಕ್ಷರದಿಂದ ಶುರುವಾಗುವ ಮಾತುಗಳನ್ನು ಮನಸ್ಸಿನಲ್ಲೇ ಹುಡುಕಬೇಕು. ಹುಡುಕುವಾಗ ಮಿದುಳಿನ ಯಾವ ಬದಿಗೆ ರಕ್ತ ಜಾಸ್ತಿ ಓಡುತ್ತದೋ ಅಲ್ಲಿಂದ ಮಾತು ಹೊರಡುತ್ತದೆ ಎಂದು ಲೆಕ್ಕ. ನೋವಿಲ್ಲ. ಗುಂಡಿಗೆ ಸವರುವ ಅಂಟು ಮಾತ್ರ ತಣ್ಣಗಿರುತ್ತದೆ.

ಮೊದಲು ಕಲಿನಾಳದಾಯಿತು. ಪರದೆಯ ಮೇಲೆ ಕೆಂಪು ಗೆರೆಯೊಂದು, ನೀಲಿ ಗೆರೆಯೊಂದು ಜೊತೆಜೊತೆಗೆ ಹರಿದವು. ಮಾತು ಹುಡುಕುವ ಹೊತ್ತಿಗೆ ಕೆಂಪು ಗೆರೆ ಮೇಲೆದ್ದಿತು. "ಎಡ," ಎಂದಳು ಎವೆಲಿನಾ. "ಎಲ್ಲರ ಹಾಗೆ."

ಆಮೇಲೆ ಜಾಗೊಡಾ. ಅವಳು ಮನಸ್ಸಿನಲ್ಲಿ ಹುಡುಕುವುದಾಗದೆ ಅರ್ಧ ಮಾತನ್ನು ಬಾಯಲ್ಲೇ ಆಡಿ ಬೈಸಿಕೊಂಡಳು. ಎವೆಲಿನಾ ಪರದೆ ನೋಡಿ ಹುಬ್ಬು ಗಂಟಿಕ್ಕಿದಳು. ಪಟ್ಟಿ ಬಿಚ್ಚಿ ಮತ್ತೆ ಕಟ್ಟಿದಳು. ಮೇಜಿನ ಕೆಳಗೆ ಬಗ್ಗಿ ತಂತಿಗಳು ಅದಲುಬದಲಾಗಿವೆಯೇ ಎಂದು ಬೆರಳಿಟ್ಟು ನೋಡಿದಳು. ಇನ್ನೊಮ್ಮೆ ಮಾಡಿಸಿದಳು. ಮತ್ತೂ ನೀಲಿ ಗೆರೆಯೇ ಮೇಲೆ.

"ಪಾನಿ ಬೊಗ್ನಾ, ಇಲ್ಲಿ ಬನ್ನಿ!" ಅವಳ ದನಿ ಮಕ್ಕಳ ದನಿಯಂತಾಗಿತ್ತು. "ಒಂದು ದಿನ ನೋಡಿ ಖಚಿತ ಅಂತ ಹೇಳಬಾರದು. ಆದರೂ ನೋಡಿ. ನಾನು ಅಂದ್ಕೊಂಡಿದ್ದೆ, ಉಲ್ಟಾ ಇದ್ರೆ ಎಡಗೈಯವಳದೇ ಇರುತ್ತೆ ಅಂತ. ಇಲ್ಲ! ಕಲಿನಾದು ಎಲ್ಲರ ಥರ ಲೆವಾ. ನಂದೂ ಲೆವಾ, ನಿಮ್ಮದೂ ಲೆವಾನೇ ಇರುತ್ತೆ, ರಸ್ತೇಲಿ ಹೋಗೋ ಯಾರನ್ನ ತಂದು ಕೂರಿಸಿದ್ರೂ ಬಹುಪಾಲು ಲೆವಾ. ಬಲಗಡೆಯಿಂದ ಮಾತಾಡ್ತಿರೋದು ಈ ಜಾಗೊಡಾ!"

"ಅಂದ್ರೆ ನಂದು ಚೆನ್ನಾಗಿದೆಯಾ?" ಜಾಗೊಡಾ ಕೇಳಿದಳು.

"ಚೆನ್ನಾಗಿದೆ, ಅಪರೂಪ. ಬಲಗೈಯವರಲ್ಲಿ ಹೀಗಿರೋರು ತೀರಾ ಕಮ್ಮಿ. ಅದರಿಂದ ತೊಂದರೆ ಏನೂ ಇಲ್ಲ ಪುಟ್ಟಿ. ಮಾತಿಗೇನೂ ಕಮ್ಮಿ ಇಲ್ಲವಲ್ಲ ನಿನಗೆ, ಆಗಿನಿಂದ ನೋಡ್ತಿದೀನಿ."

ಜಾಗೊಡಾ ಗೆರೆಯ ಕಾಗದವನ್ನು ಧ್ವಜದ ಹಾಗೆ ಹಿಡಿದು ಹೊರಗೆ ಬಂದಳು. ಐಸ್‌ಕ್ರೀಂ ಅಂಗಡಿಯಲ್ಲಿ ಮಾರುವವಳಿಗೆ, ಸಾಲಿನಲ್ಲಿ ಹಿಂದೆ ನಿಂತ ಅಜ್ಜನಿಗೆ, ಅಜ್ಜನ ನಾಯಿಗೂ ಅದನ್ನು ತೋರಿಸಿದಳು. "ನನ್ ಮಾತು ಬಲಗಡೆಯಿಂದ ಬರುತ್ತೆ. ಗೊತ್ತಾ ನಿಮಗೆ?" ಅಜ್ಜ, "ನನ್ನ ಹೆಂಡತಿಯ ಮಾತು ನಾಲ್ಕೂ ಕಡೆಯಿಂದ ಬರುತ್ತಿತ್ತು ಮಗಾ," ಎಂದ.

ಕಲಿನಾ ಐಸ್‌ಕ್ರೀಂ ನೆಕ್ಕುತ್ತ ಸುಮ್ಮನೆ ನಡೆದಳು. ಕೋನನ್ನು ಬಲಗೈಯಲ್ಲೇ ಹಿಡಿದಿದ್ದಳು, ಅದು ಮೊಣಕೈವರೆಗೂ ಸುರಿಯುತ್ತಿತ್ತು. ಬೊಗ್ನಾ ಕರವಸ್ತ್ರದಿಂದ ಒರೆಸಿದಳು, ಕೇಳಲಿಲ್ಲ.

ಟ್ರಾಲಿಬಸ್ ಬಂತು. ಕಲಿನಾ ಮುದುಡಿದ ಟಿಕೆಟ್ಟುಗಳನ್ನು ಬಿಡಿಸಿ ಒಂದೊಂದಾಗಿ ಯಂತ್ರಕ್ಕೆ ತೂರಿಸಿ ಅಚ್ಚು ಹಾಕಿಸಿದಳು. ಒಂದು. ಎರಡು. ಮೂರನೆಯದನ್ನು ಹಾಕಿದ ಮೇಲೆ ಹಿಂತಿರುಗಿ ಅಕ್ಕನನ್ನೂ ಅಮ್ಮನನ್ನೂ ನೋಡಿದಳು, ಮತ್ತೆ ಬಾಗಿಲ ಕಡೆ ನೋಡಿದಳು. ಬಾಗಿಲು ಮುಚ್ಚಿತು. ಗೋಣಿಚೀಲ ಹಿಡಿದವರು ಯಾರೂ ಹತ್ತಲಿಲ್ಲ. ಬಸ್ಸು ಹೊರಟಿತು. ಅವಳ ಭುಜ ಒಂದಿಷ್ಟು ಕೆಳಗಿಳಿದದ್ದನ್ನು ಬೊಗ್ನಾ ಕಂಡಳು.

ಎರಡು ನಿಲ್ದಾಣ ಕಳೆದಿರಬೇಕು. ಜಾಗೊಡಾಳ ಮಾತು ಕಡಿಮೆಯಾಗುತ್ತ ಬಂದು ನಿಂತೇಹೋಯಿತು. ಅವಳು ಕಾಗದವನ್ನು ತೊಡೆಯ ಮೇಲೆ ಹರಡಿಕೊಂಡು ನೀಲಿ ಗೆರೆಯ ಮೇಲೆ ಬೆರಳಾಡಿಸುತ್ತಿದ್ದಳು.

"ಅಮ್ಮ, ನಿಂದೂ ಎಡಗಡೇನಾ?"

"ಇರಬೇಕು."

"ಅಪ್ಪಂದು?"

"ಅಪ್ಪಂದೂ."

"ಕಲಿನಾದೂ." ಜಾಗೊಡಾಳ ಕೆಳತುಟಿ ಮುಂದೆ ಬಂತು. "ಮನೇಲೆಲ್ಲರದೂ ಒಂದ್ ಥರ. ನಂದೊಂದೇ ಬೇರೆ. ನಾನ್ಯಾಕೆ ಹಿಂಗೆ? ಏನೋ ಕೆಟ್ಟಿದೆ ಅಲ್ವಾ ನನ್ನಲ್ಲಿ? ಅವರು ತಂತಿ ಎಲ್ಲಾ ಮುಟ್ಟಿ ಮುಟ್ಟಿ ನೋಡಿದ್ರು."

ಇಲ್ಲ ಚಿನ್ನ ಎಂದು ಬೊಗ್ನಾ ಹೇಳಬೇಕೆಂದಿದ್ದಳು. ಅಷ್ಟರಲ್ಲಿ ಕಲಿನಾ ಕಿಟಕಿಯ ಕಡೆಯಿಂದ ತಿರುಗಿದಳು. ಅಕ್ಕನ ಮುಖದಲ್ಲಿ ಅವಳು ಕಂಡದ್ದು ಅವಳಿಗೆ ಚೆನ್ನಾಗಿ ಪರಿಚಯವಿದ್ದದ್ದೇ. ಎರಡು ವಾರದಿಂದ ಬಚ್ಚಲಿನ ಕನ್ನಡಿಯಲ್ಲಿ ಅದೇ ಮುಖ ನೋಡಿದ್ದಳು, ಗುಳಿಯೂ ಅದೇ ಕಡೆಗೆ. ತನ್ನ ಪಾಲಿಗೆ ಬಂದದ್ದನ್ನು ಅವಳು ಹೇಗೋ ನುಂಗಿಕೊಂಡು ಓಡಾಡಿದ್ದಳು. ಅದು ಜಾಗೊಡಾಳ ಕಡೆ ಹೋಗುವುದನ್ನು ನೋಡಿಕೊಂಡು ಕೂರುವುದು ಅವಳಿಂದಾಗಲಿಲ್ಲ.

"ಅಳಬೇಡ," ಎಂದಳು ಒರಟಾಗಿ. "ಅಳೋಕೆ ಏನಿಲ್ಲ. ನಾನ್ ಕೇಳ್ತೀನಿ ತಾಳು."

ಎಡಗೈ ಜೇಬಿನಿಂದ ಬಂತು. ಐಸ್‌ಕ್ರೀಮಿನ ಜಿಗುಟು ಇದ್ದ ಅಕ್ಕನ ಕೈಯನ್ನು ಹಿಡಿದುಕೊಂಡಿತು.

"ಅಮ್ಮಾ."

"ಹೇಳು ಮರಿ."

ಬೊಗ್ನಾ ಈ ಸಲ ಪೂರ್ತಿ ತಿರುಗಿ ನೋಡಲಿಲ್ಲ. ನೋಡಿದರೆ ಏನಿಲ್ಲ ಎಂದುಬಿಟ್ಟಾಳು ಎಂಬ ಭಯ. ಚೀಲದ ಬಾರನ್ನು ಸರಿಮಾಡಿಕೊಳ್ಳುವವಳ ಹಾಗೆ ಅದನ್ನೇ ಎಳೆಯುತ್ತ ಕೂತಳು. ಮುಂದಿನ ಸೀಟಿನ ಹೆಂಗಸು ಓದುತ್ತಿದ್ದ ಪತ್ರಿಕೆಯನ್ನು ಕೆಳಗಿಳಿಸಿದಳು. ಬಸ್ಸು ಕೆಂಪು ದೀಪಕ್ಕೆ ನಿಂತಿತ್ತು, ಸದ್ದೇ ಇರಲಿಲ್ಲ. ಹಾಗಾಗಿ ಕಲಿನಾ ಕೇಳಿದ್ದು ಚಾಲಕನವರೆಗೂ ಕೇಳಿಸಿತು.

"ಮೊದಲು ಒಬ್ಬಳೇ ಇದ್ದಿದ್ದಂತೆ, ಆಮೇಲೆ ಇಬ್ರಾದ್ವಂತೆ. ಕೈ ನೋಡಿದ್ರೆ ನಾನು ನಕಲಿ. ತಲೆ ನೋಡಿದ್ರೆ ಇವಳು ನಕಲಿ. ಯಾರು ಅಸಲಿ ಅಂತ ನಂಗೊತ್ತಾಗ್ತಿಲ್ಲ. ನಿಂಗೂ ಗೊತ್ತಾಗದೇ ಹೋದ್ರೆ, ಅಮ್ಮಾ, ಇಬ್ರನ್ನೂ ಇಟ್ಕೋತೀಯಾ?"